ನೋರ್ ಹೊಳೆಯಲ್ಲಿ ತಲಕಾಡಿನ ಸೊಲ್ಲು

ತಲಕಾಡಿನ ಚಿಕ್ಕಣ್ಣನಿಗೆ ಬರುತ್ತಿದ್ದ ಇಂಗ್ಲಿಷು ಒಟ್ಟು ಹದಿನೇಳು ಮಾತು. ಸಿಟ್. ನೋ ಸ್ಟ್ಯಾಂಡ್. ಮಿಡ್ಲ್. ಸ್ಲೋ ಸ್ಲೋ. ವಾಟರ್ ಡೀಪ್. ಫೋಟೋ ಲೇಟರ್. ಇಂಥವೇ. ಎಲ್ಲವೂ ಕಾವೇರಿಯಲ್ಲಿ ತನ್ನ ಬಿದಿರಿನ ದುಂಡು ತೆಪ್ಪ ಹತ್ತುತ್ತಿದ್ದ ಪ್ರವಾಸಿಗರಿಗೆ ಹೇಳಲೆಂದು ಕಲಿತವು. ಇಷ್ಟೇ ಬಂಡವಾಳ ಇಟ್ಟುಕೊಂಡು ಅಪ್ಪ ಐರ್ಲೆಂಡಿನಲ್ಲಿ ಹೇಗೆ ಹೊತ್ತು ಕಳೆದಾನು ಎಂದು ಮಗಳು ಸಾವಿತ್ರಿ ಚಿಂತೆ ಮಾಡಿದ್ದಳು. ಸುಮ್ಮನೆ ಚಿಂತೆ. ಆ ಮನುಷ್ಯನ ನಾಲಿಗೆ ಹೊರಡುವ ಮೊದಲೇ ಮೂಗು ಹೊರಟುಬಿಡುತ್ತಿತ್ತು, ಕಂಡಕಂಡಲ್ಲಿ ತೂರಿಕೊಳ್ಳಲು.

ಸಾವಿತ್ರಿ ಕಿಲ್ಕೆನ್ನಿಯ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು. ಗಂಡ ಹೇಮಚಂದ್ರನಿಗೆ ದೂರದ ರಿಂಗಾಸ್ಕಿಡಿಯ ಔಷಧಿ ಕಾರ್ಖಾನೆಯಲ್ಲಿ ಕೆಲಸ. ಅವನು ಮನೆಗೆ ಬರುವುದು ವಾರಕ್ಕೊಮ್ಮೆ. ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ ಚಿಕ್ಕಣ್ಣ ಮೂರು ತಿಂಗಳಿಗೆಂದು ಬಂದಿಳಿದ. ಮಾರ್ಚ್ ತಿಂಗಳಲ್ಲಿ ಕೊರೊನಾ ಬಂತು, ವಿಮಾನ ನಿಂತಿತು, ಊರು ಬಾಗಿಲು ಹಾಕಿತು. ಮನೆಯಿಂದ ಎರಡು ಕಿಲೋಮೀಟರ್ ದಾಟಬೇಡಿ ಎಂದಿತು ಸರ್ಕಾರ. ವೀಸಾವನ್ನೂ ತಾನೇ ಮುಂದಕ್ಕೆ ಹಾಕಿಕೊಟ್ಟಿತು, ಅದು ಬೇರೆ ಮಾತು. ಬೇರೆ ಯಾರಾದರೂ ಆಗಿದ್ದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದರು. ಇವನು ಗೋಡೆಯಾಚೆ ಇಣುಕಿದ.

ಆಚೆ ಹಿತ್ತಿಲಲ್ಲಿ ಒಂದು ದೋಣಿ ಬೋರಲು ಮಲಗಿತ್ತು.

ಉದ್ದವೆಂದರೆ ಉದ್ದ, ಐದು ಮೀಟರಿಗೂ ಮಿಕ್ಕಿ. ಎರಡು ತುದಿಯೂ ಒಂದೇ ಥರ ಬಾಗಿದ್ದವು. ಮುಂದ್ಯಾವುದು ಹಿಂದ್ಯಾವುದು ದೇವರೇ ಬಲ್ಲ. ನಲವತ್ತು ವರ್ಷ ಹುಟ್ಟು ಹಾಕಿದವನಿಗೆ ಇದನ್ನು ನೋಡಿಯೂ ಸುಮ್ಮನಿರುವುದೆಂದರೆ ಎದುರಿಗಿಟ್ಟ ಮುದ್ದೆ ಮುರಿಯದೆ ಕೂತಂತೆ. ಮೂರು ದಿನ ತಡೆದ. ನಾಲ್ಕನೆಯ ದಿನ ಗೋಡೆಯ ಮೇಲಿಂದ ಬಗ್ಗಿ ಬೆರಳಗೆಣ್ಣಿನಿಂದ ದೋಣಿಯ ಬೆನ್ನು ತಟ್ಟಿದ. ಮರವೋ ತಗಡೋ ಸದ್ದಿನಲ್ಲಿ ಗೊತ್ತಾಗಬೇಕಲ್ಲ! ಆಗಲೇ ಹಿಂಬಾಗಿಲು ತೆರೆದು ಬೆಳ್ಳಗೆ ತಲೆ ನರೆತ ಮುದುಕನೊಬ್ಬ ಹೊರಗೆ ಬಂದ. ಕಳ್ಳ ಸಿಕ್ಕಿಬಿದ್ದ. ಚಿಕ್ಕಣ್ಣ ತನ್ನ ಹದಿನೇಳು ಮಾತನ್ನೆಲ್ಲ ತಡಕಾಡಿ ಒಂದನ್ನು ಎತ್ತಿಕೊಂಡ.

"ವಾಟರ್ ಡೀಪ್?" ಎಂದ, ದೋಣಿಯತ್ತ ಕೈ ತೋರಿಸಿ.

ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. "ವೆರಿ ಡೀಪ್," ಎಂದ. ಸ್ನೇಹ ಅಲ್ಲಿಂದ ಶುರು.

ಮುದುಕನ ಹೆಸರು ಡೊನಲ್ ಬ್ರೆನನ್. ಎಪ್ಪತ್ತೆಂಟು ವರ್ಷ, ಬಡಗಿ ಕೆಲಸ ಮಾಡಿ ನಿವೃತ್ತಿಯಾದವನು, ಒಬ್ಬಂಟಿ. ಭಾನುವಾರ ಸಾವಿತ್ರಿಗೆ ರಜೆಯಿದ್ದರೆ ಗೋಡೆಯ ಪಕ್ಕ ಎರಡು ಕುರ್ಚಿ ಬೀಳುತ್ತಿದ್ದವು, ಗೋಡೆಯಾಚೆ ಒಂದು. ಅವಳು ಅವನ ಮಾತನ್ನು ಇವನಿಗೆ, ಇವನ ಮಾತನ್ನು ಅವನಿಗೆ ದಾಟಿಸುತ್ತಿದ್ದಳು. ಅಂಬಿಗನ ಮಗಳಲ್ಲವೇ, ದಾಟಿಸುವುದು ಬರುತ್ತಿತ್ತು.

ಡೊನಲ್ ಇಪ್ಪತ್ತೈದರ ಹುಡುಗನಾಗಿದ್ದಾಗ ಕೂಲಿಗೆಂದು ಕೆನಡಾಕ್ಕೆ ಹೋಗಿದ್ದನಂತೆ. ಅಲ್ಲಿ ಒಂದು ಬೇಸಿಗೆ ಹತ್ತು ಜನ ಹುಡುಗರು ಸೇರಿ, ಇನ್ನೂರು ವರ್ಷ ಹಿಂದಿನ ತುಪ್ಪುಳದ ವ್ಯಾಪಾರದ ದಾರಿಯನ್ನು ಅದೇ ಥರದ ದೋಣಿಯಲ್ಲಿ, ಅದೇ ಥರದ ಹಾಡು ಹಾಡಿಕೊಂಡು ಮತ್ತೆ ಕ್ರಮಿಸಿದರಂತೆ.

"ಅದ್ಯಾವ ದಾರಿಯವ್ವಾ ತುಪ್ಪುಳದ್ದು?" ಎಂದ ಚಿಕ್ಕಣ್ಣ.

"ಬೀವರ್ ಅಂತ ಒಂದು ಪ್ರಾಣಿ ಅಪ್ಪಾ, ಹೊಳೇಲಿರತ್ತೆ. ಅದರ ತುಪ್ಪುಳದಲ್ಲಿ ಯುರೋಪಿನೋರು ಟೋಪಿ ಮಾಡ್ತಿದ್ರಂತೆ. ಆ ಚರ್ಮ ತರೋಕೆ ದೋಣಿಯೋರು ಹೊಳೆ, ಕೆರೆ ದಾಟ್ಕೊಂಡು ತಿಂಗಳುಗಟ್ಟಲೆ ಹೋಗ್ತಿದ್ರು. ದಿನಕ್ಕೆ ಹದಿನಾಲ್ಕು ಗಂಟೆ ಹುಟ್ಟು ಹಾಕೋರಂತೆ."

"ಟೋಪಿಗಾ?"

"ಟೋಪಿಗೇ."

"ಅವ್ರ ಮನೆ ಹಾಳಾಗ! ತಲೆಗೊಂದು ಟವಲ್ ಸುತ್ಕೊಂಡಿದ್ರೆ ಆಗ್ತಿರ್ಲಿಲ್ವಾ?"

ಹೀಗೆ ಬೈದನೇ ಹೊರತು ಆ ದೋಣಿಯವರನ್ನು ಬಿಡಲಿಲ್ಲ. ಅವರು ಏನು ತಿನ್ನುತ್ತಿದ್ದರು? ಬಟಾಣಿ ಗಂಜಿ. ಎಲ್ಲಿ ಮಲಗುತ್ತಿದ್ದರು? ದೋಣಿಯನ್ನೇ ಬೋರಲು ಹಾಕಿ ಅದರಡಿ. ದೂರ ಹೇಗೆ ಗೊತ್ತಾಗುತ್ತಿತ್ತು? ಇದಕ್ಕೆ ಡೊನಲ್ ಕೊಟ್ಟ ಉತ್ತರ ಕೇಳಿ ಚಿಕ್ಕಣ್ಣ ಕುರ್ಚಿಯಿಂದ ಎದ್ದೇಬಿಟ್ಟ. ಅವರು ಹೊಗೆಸೊಪ್ಪಿನ ಪೈಪ್ ಸೇದಲು ಆಗಾಗ ಹುಟ್ಟು ನಿಲ್ಲಿಸುತ್ತಿದ್ದರಂತೆ. ಈ ಕೆರೆ ಮೂರು ಪೈಪು, ಆ ಕೆರೆ ಐದು ಪೈಪು, ಹಾಗೆ ಲೆಕ್ಕ.

"ಹೇಳವ್ವಾ ಅವರ್ಗೆ! ನಮ್ಮ ಹೊಳೆ ಬ್ಯಾಸ್ಗೇಲಿ ಅರ್ಧ ಬೀಡಿ, ತುಂಬಿದ್ರೆ ಒಂದೂವರೆ ಬೀಡಿ ಅಂತ!"

ಸಾವಿತ್ರಿ ಹೇಳಿದಳು. ಡೊನಲ್ ತೊಡೆ ತಟ್ಟಿ "ಗ್ರ್ಯಾಂಡ್!" ಎಂದ. ಚಿಕ್ಕಣ್ಣನ ಇಂಗ್ಲಿಷು ಅಂದಿಗೆ ಹದಿನೆಂಟು ಮಾತಾಯಿತು.

ಜೂನ್‌ನಲ್ಲೊಂದು ಭಾನುವಾರ ಡೊನಲ್ ಆ ಹಾಡು ಹಾಡಿದ. ಮಾತು ಫ್ರೆಂಚಿನದು, ಅವನಿಗೂ ಅರ್ಧಂಬರ್ಧ. ಒಂದು ಸಾಲು ಹಾಡಿ ಬಾಯಿ ಮುಚ್ಚುತ್ತಿದ್ದ. ಗಾಳಿಯಲ್ಲಿ ನಾಲ್ಕು ಸಲ ಹುಟ್ಟು ಹಾಕುತ್ತಿದ್ದ. ಮತ್ತೆ ಅದೇ ಸಾಲು. ಮತ್ತೆ ನಾಲ್ಕು ಹುಟ್ಟು, ಮತ್ತೆ ಅದೇ.

"ಇದ್ಯಾಕೆ ಅರ್ಧ ಹಾಡು ನುಂಗ್ತಾನೆ ಈವಯ್ಯ?" ಎಂದು ಚಿಕ್ಕಣ್ಣ ಮಗಳ ಕಿವಿಯಲ್ಲಿ ಕೇಳಿದ.

ಸಾವಿತ್ರಿ ಕೇಳಿ ತಿಳಿದು ಹೇಳಿದಳು. ದೋಣಿಯ ಮುಂದೆ ಕೂತವನು ಹೊಸ ಹೊಸ ಸಾಲು ಕಟ್ಟಿ ಹಾಡುತ್ತಿದ್ದನಂತೆ. ನಡುವೆ ಕೂತವರೆಲ್ಲ ಹೇಳುತ್ತಿದ್ದುದು ಈ ಒಂದೇ ಪಲ್ಲವಿ. ಡೊನಲ್ ನಡುವಿನವನು. ಮುಂದಿನವನ ಸಾಲುಗಳು ಯಾವ ಪುಸ್ತಕದಲ್ಲೂ ಇಲ್ಲ, ಅವನು ಸತ್ತು ಹನ್ನೊಂದು ವರ್ಷ. ಹತ್ತು ಜನರಲ್ಲಿ ಈಗ ಉಳಿದವನು ಡೊನಲ್ ಒಬ್ಬ.

"ಬದುಕಿದ್ದಾಗ ಒಂದ್ ಸಲ ಕೇಳಿ ಬರ್ಕೋಬೇಕಿತ್ತು, ಯಾವಾಗಾದ್ರೂ ಕೇಳಿದ್ರಾಯ್ತು ಅನ್ಕೊಂಡು ಕೂತೆ ಅಂತಾರೆ ಅಪ್ಪಾ. ಇನ್ನು ನಿನ್ನ ಹಾಡು ಹಾಡ್ಬೇಕಂತೆ."

ಅದೇನು ಮಹಾ! ಹೊಳೆಯ ಹಾಡನ್ನು ನೆಲದ ಮೇಲೆ ಹಾಡಬಾರದು ಎಂಬುದು ತಲಕಾಡಿನ ತೆಪ್ಪದವರ ಕಟ್ಟಳೆ. ಹಾಡಿದರೆ ಗಂಗಮ್ಮ ಮುನಿಯುತ್ತಾಳೆ. ಆದರೆ ಗಂಗಮ್ಮ ಇಷ್ಟು ದೂರ ಬಂದು ಕೇಳುತ್ತಾಳೆಯೇ ಎಂದುಕೊಂಡು ಚಿಕ್ಕಣ್ಣ ಗಂಟಲು ಸರಿಮಾಡಿಕೊಂಡ.

"ದಡ ಕೊಡೇ ತಾಯಿ, ದಡ ಕೊಡೇ..."

ಅಲ್ಲಿಗೆ ನಿಂತ. ತಲೆ ಕೆರೆದುಕೊಂಡ. ಮತ್ತೆ ಶುರು ಮಾಡಿದ. "ದಡ ಕೊಡೇ ತಾಯಿ, ದಡ ಕೊಡೇ..." ಮುಂದೆ ಏನೂ ಬರಲಿಲ್ಲ. ಮುಂದೆ ಬರುವುದಕ್ಕೆ ಅವನ ಹತ್ತಿರ ಇದ್ದರೆ ತಾನೇ! ತೆಪ್ಪದಲ್ಲಿ ಜಲ್ಲೆ ಹಿಡಿದು ನಿಂತು ಹಾಡುತ್ತಿದ್ದವನು ಅಣ್ಣ ದೊಡ್ಡಣ್ಣ. ಹುಟ್ಟು ಹಿಡಿದು ಕುಕ್ಕರಗಾಲಲ್ಲಿ ಕೂತು, ಅಣ್ಣನ ಒಂದೊಂದು ಸಾಲು ಮುಗಿದಾಗಲೂ ಪಲ್ಲವಿಯ ಸೊಲ್ಲು ಕೊಡುತ್ತಿದ್ದವನು ಚಿಕ್ಕಣ್ಣ. ಆ ಸೊಲ್ಲಿಗೆ ಮಾತು ಒಂದೇ. ನಲವತ್ತು ವರ್ಷ ಅದನ್ನೇ ಹೇಳಿ, ಹೊಳೆ ಹಾಡು ನನಗೆ ಬರುತ್ತದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ ಮಹಾರಾಯ. ನಗು ಬರುತ್ತದೆ, ಆದರೆ ನಗಬೇಡಿ. ಅವನು ಅವತ್ತು ಊಟ ಬಿಟ್ಟ. ಗೋಡೆಯ ಎರಡೂ ಕಡೆ ಸೊಲ್ಲಿನವರೇ, ಹಾಡುವವನು ಯಾರೂ ಇಲ್ಲ ಎಂಬ ಸಂಕಟ ಅವನನ್ನು ಹಿಂಡಿತು. ಒಂದೇ ಒಂದು ಸಮಾಧಾನ, ಡೊನಲ್‌ನ ಹಾಡುಗಾರ ಸತ್ತಿದ್ದ, ತನ್ನವನು ಬದುಕಿದ್ದ.

ಮಾರನೆಯ ದಿನವೇ ಫೋನು.

"ಅಣ್ಣಾ, ಹೊಳೆ ಹಾಡು ಹೇಳು, ಕಲ್ತ್ಕೋಬೇಕು."

"ಎಲ್ಲಿದ್ದೀಯ್ಲಾ?"

"ಸೋಫಾ ಮ್ಯಾಲೆ."

"ಸೋಫಾ ಮ್ಯಾಲೆ ಹೊಳೆ ಹಾಡಾ! ನಾಚ್ಕೆ ಆಗಕ್ಕಿಲ್ವ ನಿಂಗೆ? ಊರಿಗ್ ಬಾ, ತೆಪ್ಪದ್ ಮ್ಯಾಲೆ ಕುಂಡ್ರಿಸ್ಕಂಡು ಹೇಳ್ತೀನಿ. ನನ್ ಮಕ್ಳಿಗೇ ಹೇಳ್ಕೊಟ್ಟಿಲ್ಲ, ಅವ್ರು ತೆಪ್ಪ ಹತ್ತಿದ್ರೆ ತಾನೆ? ಸೇತುವೆ ಮ್ಯಾಲೆ ಆಟೋ ಓಡಿಸ್ಕಂಡವ್ರೆ."

ಆಯಿತು, ವಿಮಾನ ಬಿಟ್ಟ ಮೇಲೆ ಹೋಗಿ ಕೇಳಿದರಾಯಿತು ಎಂದುಕೊಂಡ ಚಿಕ್ಕಣ್ಣ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಊರವರು ಸೇತುವೆ ಆದಂದಿನಿಂದ ಅವರಿಬ್ಬರನ್ನೂ ಮರೆತಿದ್ದರು. ಹಾಡು ಕಾದುಕೊಂಡಿರುತ್ತದೆ, ಕದಿಯುವವರು ಯಾರಿದ್ದಾರೆ?

ಆಗಸ್ಟಿನಲ್ಲಿ ದೊಡ್ಡಣ್ಣನಿಗೆ ಕೊರೊನಾ ಹಿಡಿಯಿತು. ಇಪ್ಪತ್ತೊಂದು ದಿನ ಮೈಸೂರಿನಲ್ಲಿ ಆಮ್ಲಜನಕದ ಮೇಲಿದ್ದು ಮನೆಗೆ ಬಂದ. "ಜೀವ ಉಳೀತು, ಆದ್ರೆ ನಾಕು ಮೆಟ್ಲು ಹತ್ತುದ್ರೆ ಕೂತ್ಕತಾರೆ ಮಾವ," ಎಂದಳು ಅವನ ಸೊಸೆ ನೀಲಾ ಫೋನಿನಲ್ಲಿ. ಆಸ್ಪತ್ರೆಯ ಕಾಗದಗಳನ್ನು ತರಿಸಿಕೊಂಡು ನೋಡಿದ ಸಾವಿತ್ರಿ ಅಪ್ಪನ ಎದುರು ಕೂತಳು. ಮುಚ್ಚುಮರೆ ಅವಳಿಗೆ ಬಾರದು.

"ಅಪ್ಪಾ, ದೊಡ್ಡಪ್ಪನ ಶ್ವಾಸಕೋಶ ಪೂರಾ ಗಟ್ಟಿಯಾಗ್ತಾ ಇದೆ. ಎಷ್ಟು ದಿನ ಅಂತ ಹೇಳಕ್ಕಾಗಲ್ಲ. ನಿನ್ನ ಟಿಕೆಟ್ ಡಿಸೆಂಬರ್‌ಗಿಂತ ಮುಂಚೆ ಸಿಗೋ ಹಂಗೂ ಇಲ್ಲ."

ಚಿಕ್ಕಣ್ಣ ಗೋಡೆಯಾಚೆ ನೋಡಿದ. ದೋಣಿ ಬೋರಲು ಮಲಗಿಯೇ ಇತ್ತು. ಯಾವಾಗಾದರೂ ಕೇಳಿದರಾಯಿತು ಎಂದು ಕೂತ ಡೊನಲ್‌ನ ನೆನಪಾಯಿತು. ಅಲ್ಲೇ ಫೋನು ತೆಗೆದ.

"ಅಣ್ಣಾ, ನೀನು ತೆಪ್ಪದಲ್ಲಿ ಕೂತ್ಕೊ, ನಾನು ಇಲ್ಲಿ ಒಂದ್ ದೋಣೀಲಿ ಕೂತ್ಕತೀನಿ. ಇಬ್ರೂ ನೀರಿನ್ ಮ್ಯಾಲೇ ಇದ್ದಂಗಾಯ್ತು. ಆಗ ಹೇಳ್ಬೌದಲ್ಲ?"

"ಹೇಳ್ಬೌದು," ಎಂದ ದೊಡ್ಡಣ್ಣ ಏದುತ್ತ. "ಆದ್ರೆ ಹರಿಯೋ ನೀರಾಗಿರ್ಬೇಕು ಕಣ್ಲಾ. ಕೆರೆಗಿರೆ ನಡಿಯಾಕಿಲ್ಲ."

ಹಾಡಿದರೆ ಉಸಿರಿಗೆ ಕಷ್ಟವೆಂದು ಸಾವಿತ್ರಿ ತಡೆಯಲು ನೋಡಿದಳು. ಹಾಡದೆ ಉಳಿಸಿಕೊಂಡ ಉಸಿರನ್ನು ಏನು ಉಪ್ಪಿನಕಾಯಿ ಹಾಕಲೇ ಎಂದು ದೊಡ್ಡಪ್ಪ ಕೇಳಿದ ಮೇಲೆ ಒಪ್ಪಿಕೊಂಡಳು.

ಸೆಪ್ಟೆಂಬರಿನ ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಡೊನಲ್‌ನ ದೋಣಿ ಊರೊಳಗೆ ಹರಿಯುವ ನೋರ್ ಹೊಳೆಗೆ ಇಳಿಯಿತು. ಡೊನಲ್ ಮುಂತುದಿಯಲ್ಲಿ, ಚಿಕ್ಕಣ್ಣ ಹಿಂತುದಿಯಲ್ಲಿ. ನಡುವಿನ ಅಂತರ ಸರ್ಕಾರ ಹೇಳಿದ ಎರಡು ಮೀಟರಿಗಿಂತ ಧಾರಾಳ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೋಣಿಯ ಅಡ್ಡಪಟ್ಟಿಗೆ ಕಟ್ಟಿದ್ದರು. ಸಾವಿತ್ರಿ ದಡದಲ್ಲಿ ನಿಂತಿದ್ದಳು.

ಮೊದಲಿಗೆ ಆದ ಫಜೀತಿ ಕೇಳಿ. ದುಂಡು ತೆಪ್ಪದಲ್ಲಾದರೆ ಮುಂದೆ ಕೂತು ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಚಿಕ್ಕಣ್ಣನ ಕೈ ತಾನಾಗಿಯೇ ಹಾಗೆ ಮಾಡಿತು, ಅದೂ ಹಿಂದೆ ಕೂತು. ಆ ಉದ್ದದ ದೋಣಿ ಗಾಣದ ಎತ್ತಿನ ಹಾಗೆ ಗಿರಗಿರನೆ ಸುತ್ತತೊಡಗಿತು. ಹಂಸಗಳು ಬೈದುಕೊಂಡು ದೂರ ಹೋದವು. "ಸ್ಲೋ ಸ್ಲೋ! ಸಿಟ್!" ಎಂದು ಕೂಗಿದವನು ಈ ಸಲ ಡೊನಲ್. ತನ್ನ ಮಾತು ತನಗೇ ತಿರುಗಿ ಬಂದಾಗ ಚಿಕ್ಕಣ್ಣ ನಕ್ಕುಬಿಟ್ಟ. ಮುಂದಿನವನ ಭುಜ ನೋಡಿಕೊಂಡು, ಅವನು ಹಾಕಿದಾಗ ಹಾಕಿ, ಎತ್ತಿದಾಗ ಎತ್ತಿದ. ದೋಣಿ ನೆಟ್ಟಗಾಯಿತು.

ಫೋನು ಬಡಿದುಕೊಂಡಿತು. ತಲಕಾಡಿನಲ್ಲಿ ಮಧ್ಯಾಹ್ನ ಎರಡೂವರೆ. ತುಂಬಿದ ಕಾವೇರಿಯ ದಡಕ್ಕೆ ಹಗ್ಗ ಬಿಗಿದ ತೆಪ್ಪದಲ್ಲಿ ದೊಡ್ಡಣ್ಣನೂ ಫೋನು ಹಿಡಿದ ನೀಲಾಳೂ ಕೂತಿದ್ದರು. ಕ್ಷೇಮ ಸಮಾಚಾರ ಏನಿಲ್ಲ, ನೇರ ಹಾಡು.

"ಹೊತ್ತುಟ್ಟಿ ಬಂದೋರು ಕುಂತವ್ರೆ, ನಿನ್ನ ಮಡಿಲಾಗೆ..."

"ದಡ ಕೊಡೇ ತಾಯಿ, ದಡ ಕೊಡೇ!"

"ಲೇ, ಸೊಲ್ಲು ತಡ ಆಯ್ತಾ ಐತೆ!"

"ನಾನ್ ತಡ ಮಾಡ್ತಿಲ್ಲ ಅಣ್ಣಾ, ಫೋನು ಮಾಡ್ತಾ ಐತೆ. ದೂರ ಅಲ್ವಾ?"

ದೊಡ್ಡಣ್ಣ ಯೋಚಿಸಿದ. "ಹಂಗಾದ್ರೆ ಹೊಳೆ ತುಂಬೈತೆ ಅನ್ಕೊ. ತುಂಬಿದಾಗ ಆಚೆ ದಡದೋನ ಕೂಗು ತಡವಾಗೇ ಬತ್ತಿತ್ತು. ನಾವ್ ಕಾಯ್ತಿರ್ಲಿಲ್ವಾ? ಕಾಯೋಣ ಬಿಡು."

ಕಾದರು. ಒಂದೊಂದು ಸಾಲಿಗೂ ಅವನು ಕಾದ, ಇವನು ಕಾದ. "ಮದ್ವೆ ಹೆಣ್ಣು ಕುಂತವ್ಳೆ, ಬೀಗ್ರೆಲ್ಲ ನಿಂತವ್ರೆ." ಸೊಲ್ಲು. "ಉಪ್ಪಿನ ಮೂಟೆ ನೆಂದೀತು, ಬೆಲ್ಲದ ಮೂಟೆ ಕರಗೀತು." ಸೊಲ್ಲು. ಮೂರನೆಯ ಸೊಲ್ಲಿಗೆ ಡೊನಲ್ ಕೂಡ ದನಿಗೂಡಿಸಿದ. ಮಾತು ಗೊತ್ತಿಲ್ಲ, ಆದರೆ ಎಲ್ಲಿ ಹಾಡಬೇಕೆಂದು ನಡುವಿನವನಿಗೆ ಹೇಳಿಕೊಡಬೇಕೇ! "ಇನ್ನೊಬ್ಬ ಯಾರ್ಲಾ ಅವ್ನು? ಪರ್ವಾಗಿಲ್ವೆ!" ಎಂದು ದೊಡ್ಡಣ್ಣ ಖುಷಿಯಾಗಿ ಕೇಳಿ, ಕೆಮ್ಮಿ, ಮುಂದಿನ ಸಾಲು ಎತ್ತಿಕೊಂಡ.

"ಈಚೆ ದಡದೋನು ಕೂಗ್ತವ್ನೆ..."

ಅಲ್ಲಿಗೆ ದನಿ ಕಡಿಯಿತು. ಫೋನಿನಲ್ಲಿ ಏದುಸಿರು, ಆಮೇಲೆ ಅದೂ ಇಲ್ಲ. ಡೊನಲ್ ಹುಟ್ಟು ನಿಲ್ಲಿಸಲಿಲ್ಲ. ಈ ಖಾಲಿ ಜಾಗ ಅವನಿಗೆ ಹೊಸದಲ್ಲ. ಒಂದು ಹುಟ್ಟು. ಎರಡು. ಚಿಕ್ಕಣ್ಣನೂ ಜೊತೆಗೆ ಹಾಕಿದ. ಮೂರು. ಸೋಫಾದ ಮೇಲೆ, ಗೋಡೆಯ ಪಕ್ಕ, ಎಲ್ಲೂ ಬಾರದಿದ್ದ ಸಾಲು ನಾಲ್ಕನೆಯ ಹುಟ್ಟು ನೀರಿಗೆ ಬೀಳುವಾಗ ಕೈಯಿಂದಲೇ ಬಾಯಿಗೆ ಬಂತು.

"ಆಚೆ ದಡದೋನು ಓಗೊಟ್ಟವ್ನೆ!"

ಹಾಡಿದ ಮೇಲೆ ಕಾದ. ಹೊಳೆ ತುಂಬಿದೆ, ತಡವಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಬಹಳ ತಡವಾಯಿತು. ಕೊನೆಗೂ ಪ್ಲಾಸ್ಟಿಕ್ ಚೀಲದೊಳಗಿಂದ ಸಣ್ಣ, ಸೀಳಿದ ದನಿಯೊಂದು ಬಂತು. ಹುಟ್ಟಿದಾಗಿನಿಂದ ಎಂದೂ ಸೊಲ್ಲು ಕೊಡದ ದೊಡ್ಡಣ್ಣನ ದನಿ.

"ದಡ ಕೊಡೇ ತಾಯಿ... ದಡ ಕೊಡೇ."

ಚಿಕ್ಕಣ್ಣನ ಕಣ್ಣಲ್ಲಿ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ನಿಲ್ಲಿಸ್ಬ್ಯಾಡ್ವೋ," ಎಂದ ದೊಡ್ಡಣ್ಣ ಉಸಿರೆಳೆದುಕೊಳ್ಳುತ್ತ. "ಮುಂದಕ್ಕೆ ನೀನ್ ಹೇಳು. ಸೊಲ್ಲು ನಾನ್ ಕೊಡ್ತೀನಿ."

ಚಿಕ್ಕಣ್ಣ ಹುಟ್ಟು ನೀರಿಗೆ ಹಾಕಿ ಮುಂದಿನ ಸಾಲು ಎತ್ತಿಕೊಂಡ.