ಕನ್ನಡಿಯೊಳಗಿನ ಬಲಗೈ

ನನ್ನ ಷಡ್ಡಕರು ಕಣ್ಣಿನ ಡಾಕ್ಟರು. ನನ್ನ ಹೆಂಡತಿಯ ಅಕ್ಕನ ಗಂಡ ಎಂದು ಬಿಡಿಸಿ ಹೇಳಬಹುದು, ಆದರೆ ಬಂಧುಬಳಗದಲ್ಲಿ ನನ್ನನ್ನು ಪರಿಚಯಿಸುವುದೇ ‘ಡಾಕ್ಟ್ರ ಷಡ್ಡಕ’ ಎಂದು. ಇಷ್ಟು ವರ್ಷಗಳಲ್ಲಿ ನನ್ನತ್ತ ಬೆರಳು ಮಾಡಿ ಅವರನ್ನು ‘ಇವರ ಷಡ್ಡಕ’ ಎಂದವರಿಲ್ಲ. ನ್ಯಾಯವಾಗಿ ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಇರಬೇಕಿತ್ತು. ಇತ್ತು ಕೂಡ. ಆ ಮನುಷ್ಯ ಫೆಲೋ ಆಗಲು ಹೋಗಿ ಪಟ್ಟ ಪಾಡು ನೋಡಿದ ಮೇಲೆ ಅದು ತಾನಾಗಿಯೇ ಆರಿಹೋಯಿತು.

ಅವರು ಎಡಚರು. ಸಹಿ ಹಾಕುವುದು, ಹಲ್ಲುಜ್ಜುವುದು, ಕಣ್ಣಿನ ಪೊರೆ ತೆಗೆಯುವುದು, ಎಲ್ಲವೂ ಎಡಗೈಯಲ್ಲೇ. ಆಸ್ಪತ್ರೆಯಲ್ಲಿ ‘ಎಡಗೈ ಡಾಕ್ಟ್ರು’ ಎಂದರೆ ಗೇಟಿನವನೂ ಎರಡನೆಯ ಮಹಡಿ ತೋರಿಸುತ್ತಾನೆ. ಪೊರೆ ತೆಗೆಸಿಕೊಂಡವರು ತಮ್ಮ ಕಡೆಯವರಿಗೆ ಹೇಳಿ ಕಳಿಸುವುದೂ ಹಾಗೆಯೇ: ‘ಹೋಗಿ ಎಡಗೈನೋರನ್ನೇ ಕೇಳು, ಬೇರೆಯವರಿಗೆ ಕಣ್ಣು ಕೊಡಬೇಡ.’

ಕಣ್ಣಿನ ಶಸ್ತ್ರವೈದ್ಯರದ್ದೊಂದು ಸಂಘವಿದೆ. ಚಂದಾ ಕಟ್ಟಿದರೆ ಸದಸ್ಯರಾಗಬಹುದು, ‘ಫೆಲೋ’ ಆಗಬೇಕಾದರೆ ಮಾತ್ರ ಪರೀಕ್ಷೆ. ಪಾಸಾದವರ ಹೆಸರಿನ ಮುಂದೆ ನಾಲ್ಕಾರು ಅಕ್ಷರ ಹೆಚ್ಚಾಗುತ್ತವೆ. ನನ್ನ ಹೆಂಡತಿ ಮೊದಲ ಸಲ ಈ ಸುದ್ದಿ ಕೇಳಿದಾಗ, “ಫೆಲೋ ಅಂದ್ರೆ ಬೈಗುಳ ಅಲ್ವೇನೇ ಅಕ್ಕಾ? ಇವರನ್ನ ನಮ್ಮಪ್ಪ ‘ಯೂಸ್‌ಲೆಸ್ ಫೆಲೋ’ ಅಂತಿದ್ರಲ್ಲ?” ಎಂದಳು. ‘ಇವರು’ ಎಂದರೆ ನಾನು. ಪರೀಕ್ಷೆಯಿಲ್ಲದೆಯೇ ನನಗೆ ಸಿಕ್ಕ ಪದವಿ ಅದು.

ಇಷ್ಟು ದಿನ ಆ ಅಕ್ಷರಗಳಿಲ್ಲದೆಯೇ ಷಡ್ಡಕರ ಜೀವನ ನಡೆದಿತ್ತು. ಆದರೆ ಅವರ ವಿಭಾಗದ ಮುಖ್ಯಸ್ಥರು ಇನ್ನು ಮೂರು ವರ್ಷಕ್ಕೆ ನಿವೃತ್ತರಾಗುವವರಿದ್ದರು. ಆ ಹಿರಿಯರು ಕುರ್ಚಿಯಲ್ಲಿ ಕೂತಿದ್ದರೇ ಹೊರತು ವಿಭಾಗ ನಡೆಸುತ್ತಿದ್ದವರು ನಮ್ಮವರೇ ಎಂಬುದು ಕಸ ಗುಡಿಸುವವಳಿಗೂ ಗೊತ್ತು. ಕುರ್ಚಿ ಇವರಿಗೇ ಎಂದು ಎಲ್ಲರೂ ಅಂದುಕೊಂಡಿರುವಾಗ, ಹೊಸ ಆಡಳಿತ ಮಂಡಳಿ ಒಂದು ನಿಯಮ ತಂದಿತು: ಮುಖ್ಯಸ್ಥರಾಗುವವರು ಸಂಘದ ಫೆಲೋ ಆಗಿರಲೇಬೇಕು. ಇಲ್ಲವಾದರೆ ಹೊರಗಿನವರನ್ನು ತರಲಾಗುವುದು.

ಷಡ್ಡಕರು ಪರೀಕ್ಷೆಗೆ ಹೋದರು, ಫೇಲಾದರು. ಮತ್ತೆ ಹೋದರು, ಮತ್ತೆ ಫೇಲಾದರು.

ಕಾರಣ ಕೇಳಿದರೆ ನೀವು ನಗುತ್ತೀರಿ. ನಾನೂ ನಕ್ಕು ಅತ್ತಿಗೆಯಿಂದ, ಅಂದರೆ ಅವರ ಹೆಂಡತಿಯಿಂದ, ಬೈಸಿಕೊಂಡಿದ್ದೇನೆ. ಪರೀಕ್ಷೆಯ ಹಾಲಿನಲ್ಲಿ ಸಾಲಾಗಿ ಮೇಜುಗಳು, ಪ್ರತಿ ಮೇಜಿನ ಮೇಲೊಂದು ಸೂಕ್ಷ್ಮದರ್ಶಕ, ಅದರ ಕೆಳಗೆ ಹಿಡಿಕೆಯಲ್ಲಿ ಕೂರಿಸಿದ ಕುರಿಯ ಕಣ್ಣು. ಉಪಕರಣದ ತಟ್ಟೆಯನ್ನು ಮೇಜಿನ ಬಲಕ್ಕೆ ಸ್ಕ್ರೂ ಹಾಕಿ ಬಿಗಿದುಬಿಟ್ಟಿದ್ದಾರೆ. ಪೊರೆ ಒಡೆದು ಹೀರುವ ಯಂತ್ರದ ಕೊಳವೆಯೂ ಬಲದಿಂದಲೇ ಬರುತ್ತದೆ. ಎಡಗೈಯವರು ಏನು ಎತ್ತಿಕೊಳ್ಳಬೇಕಾದರೂ ತಮ್ಮ ಎದೆಯ ಮೇಲೆ ತಾವೇ ಕೈ ಹಾಯಿಸಿ, ಬೇರೆಯವರ ತಟ್ಟೆಯಿಂದ ಕದಿಯುವವರ ಹಾಗೆ ಎತ್ತಿಕೊಳ್ಳಬೇಕು. ಮೊದಲ ಸಲ ಕೊಳವೆ ತೋಳಿಗೆ ಸುತ್ತಿಕೊಂಡು ಕುರಿಯ ಕಣ್ಣು ನೆಲಕ್ಕೆ ಉರುಳಿತು. ಎರಡನೆಯ ಸಲ ಮೊದಲೇ ಹೋಗಿ, “ತಟ್ಟೆ ಈ ಕಡೆ ಇಡೋಕಾಗುತ್ತಾ?” ಎಂದು ಕೇಳಿದರು. ಹಾಲಿನ ಮೇಲ್ವಿಚಾರಕ, “ಎಲ್ಲರಿಗೂ ಒಂದೇ ವ್ಯವಸ್ಥೆ ಸರ್. ಭೇದಭಾವ ಮಾಡಂಗಿಲ್ಲ” ಎಂದ. ಪರೀಕ್ಷಕರು ಬರೆದ ಷರಾ ಎರಡೂ ಸಲ ಒಂದೇ: ‘ಉಪಕರಣಗಳ ಬಳಕೆ ಅಸಹಜ.’

“ಸಾವಿರಾರು ಕಣ್ಣು ನೋಡಿದೀನಿ ಕಣ್ರೀ,” ಎಂದು ಷಡ್ಡಕರು ನನ್ನೆದುರು ಹಲ್ಲು ಕಡಿದರು. “ಒಂದೇ ಒಂದು ಕಣ್ಣೂ ನನ್ನ ಕೈ ಅಸಹಜ ಅಂದಿಲ್ಲ. ಈ ಸತ್ತ ಕುರಿ ಅಂತು!”

ಮೂರನೆಯ ಸಲಕ್ಕೆ ಸಂಘವೇ ಪದ್ಧತಿ ಬದಲಿಸಿತು. ಕುರಿ ಹೋಗಿ ವಿಡಿಯೋ ಬಂತು. ಅಭ್ಯರ್ಥಿ ತಾನು ಮಾಡಿದ ಒಂದು ಪೊರೆ ಶಸ್ತ್ರಚಿಕಿತ್ಸೆಯ ಪೂರ್ತಿ ವಿಡಿಯೋವನ್ನು, ರೋಗಿಯ ವಿವರದ ಜೊತೆ ಕಳಿಸಬೇಕು. ಹೆಸರಿಲ್ಲ, ಮುಖವಿಲ್ಲ, ಆಸ್ಪತ್ರೆಯ ಗುರುತಿಲ್ಲ. ಯಾರದ್ದೆಂದು ಗೊತ್ತಿಲ್ಲದೆ ಪರೀಕ್ಷಕರು ಅಂಕ ಹಾಕುತ್ತಾರೆ. ಷಡ್ಡಕರು ಸಂಭ್ರಮದಿಂದ ಫೋನ್ ಮಾಡಿ, “ಇನ್ನು ಬರೀ ಕೈ ಕಾಣ್ಸುತ್ತೆ, ಕೆಲಸ ಕಾಣ್ಸುತ್ತೆ!” ಎಂದರು. ಸಂಜೆಯ ಹೊತ್ತಿಗೆ ಅದೇ ದನಿ ಪಾತಾಳಕ್ಕಿಳಿದಿತ್ತು. “ಕೈ ಕಾಣ್ಸುತ್ತಲ್ರೀ! ಇಡೀ ಸಂಘದಲ್ಲಿ ಕುರಿ ಕಣ್ಣು ಬೀಳಿಸಿದ ಎಡಚ ನಾನೊಬ್ಬನೇ. ನೋಡಿದ ತಕ್ಷಣ ‘ಓ, ಆ ಆಸಾಮಿ’ ಅಂತಾರೆ. ಹೆಸರು ಮುಚ್ಚಿದ್ರೆ ಏನ್ ಬಂತು?”

ಆ ಭಾನುವಾರ ನಾವು ಅವರ ಮನೆಯಲ್ಲಿದ್ದೆವು. ನನ್ನ ಹೆಂಡತಿ ಬಟ್ಟೆ ಅಂಗಡಿಯ ಮುಂದೆ ತಾನೇ ತೆಗೆದುಕೊಂಡ ತನ್ನ ಫೋಟೋವನ್ನು ಅಕ್ಕನಿಗೆ ತೋರಿಸುತ್ತ, “ನೋಡೇ, ಬೋರ್ಡೆಲ್ಲ ತಿರುವುಮುರುವು ಬಂದಿದೆ. ಅಂಗಡಿ ಹೆಸರೇ ಓದೋಕಾಗಲ್ಲ” ಎಂದು ಗೊಣಗಿದಳು. ಷಡ್ಡಕರು ಊಟದ ಮೇಜಿನಿಂದ ಎದ್ದ ರಭಸಕ್ಕೆ ನೀರಿನ ಲೋಟ ಮಗುಚಿತು.

“ಏನಂದೆ? ತಿರುವುಮುರುವಾ?”

“ಫೋನಲ್ಲಿ ಹಂಗೇ ಬರುತ್ತೆ ಭಾವ. ಕನ್ನಡಿ ಥರ.”

ಹತ್ತು ನಿಮಿಷದಲ್ಲಿ ಅವರ ಫೋನಿನಲ್ಲೊಂದು ಆ್ಯಪ್ ಇಳಿದಿತ್ತು. ತಾವೇ ಆರಿಸಿಕೊಂಡಿದ್ದ ಅತ್ಯುತ್ತಮ ವಿಡಿಯೋವನ್ನು ಅದರೊಳಗೆ ಹಾಕಿ ಒಂದು ಗುಂಡಿ ಒತ್ತಿದರು. ಎಡಗೈ ಬಲಗೈಯಾಯಿತು. ಮೇಜಿನ ಮಧ್ಯೆ ಫೋನನ್ನು ಲೋಟಕ್ಕೆ ಒರಗಿಸಿ ನಾವೆಲ್ಲ ನೋಡಿದೆವು. ಪರದೆಯ ತುಂಬ ಒಂದೇ ಒಂದು ಕಣ್ಣು, ಅದರ ಮೇಲೆ ಹೂವಿನಿಂದ ಹೂವಿಗೆ ಹಾರುವ ಜೇನಿನ ಹಾಗೆ ಆಡುವ ಎರಡು ಸಣ್ಣ ಸಲಾಕೆಗಳು. ನನ್ನ ಹೆಂಡತಿ ತಟ್ಟೆ ಪಕ್ಕಕ್ಕೆ ಸರಿಸಿ ಮುಖ ಮುಚ್ಚಿಕೊಂಡಳು. ನಾನು ಗಂಡಸು ನೋಡಿ, ಕಣ್ಣು ಮುಚ್ಚದೆ, “ಬಲಗೈ ನಿಮಗೆ ತುಂಬಾ ಒಪ್ಪುತ್ತೆ ಡಾಕ್ಟ್ರೇ” ಎಂದೆ.

ಅತ್ತಿಗೆ ಮಾತ್ರ, “ಸುಮ್ನಿರಿ. ಇರೋದನ್ನ ಇದ್ದ ಹಾಗೆ ಕಳಿಸಿ. ನಿಮ್ಮ ಕೈ ನಿಮಗ್ಯಾಕೆ ನಾಚಿಕೆ?” ಎಂದರು.

“ನಾಚಿಕೆ ನನಗಲ್ಲ ಕಣೇ, ಅವರಿಗೆ” ಎಂದು ಷಡ್ಡಕರು ಕಳಿಸುವ ಗುಂಡಿಯನ್ನೂ ಒತ್ತಿಯೇಬಿಟ್ಟರು. ಎಡಗೈಯಲ್ಲಿ.

ಮುಂದಿನ ತಿಂಗಳೆಲ್ಲ ಅವರು ಹುಮ್ಮಸ್ಸಿನಲ್ಲಿದ್ದರು. ನನ್ನ ಮೇಲೂ ಪ್ರೀತಿ ಉಕ್ಕಿ, ನಾನು ಕೇಳದಿದ್ದರೂ ನನ್ನ ಕನ್ನಡಕದ ನಂಬರು ನೋಡಿಕೊಟ್ಟರು. ಆಮೇಲೆ ಸಂಘದ ಕಾರ್ಯದರ್ಶಿಯ ಫೋನು ಬಂತು.

“ಡಾಕ್ಟ್ರೇ, ನಿಮ್ಮ ಅರ್ಜೀಲಿ ರೋಗಿಗೆ ಬಲಗಣ್ಣಿನ ಪೊರೆ ಅಂತಿದೆ. ವಿಡಿಯೋದಲ್ಲಿ ನೀವು ಎಡಗಣ್ಣು ಆಪರೇಷನ್ ಮಾಡಿದೀರಿ. ಇದು ಬಹಳ ಗಂಭೀರ ವಿಷಯ. ಸೋಮವಾರ ರೋಗಿ ಜೊತೆ ಸಮಿತಿ ಮುಂದೆ ಬನ್ನಿ.”

ಕನ್ನಡಿಯಲ್ಲಿ ಕೈಯೊಂದೇ ತಿರುಗುವುದಿಲ್ಲ, ಕಣ್ಣೂ ತಿರುಗುತ್ತದೆ. ಕಣ್ಣಿನ ಮೂಗಿನ ಕಡೆಯ ಮೂಲೆಯಲ್ಲೊಂದು ಸಣ್ಣ ಕೆಂಪು ಉಬ್ಬಿರುತ್ತದಲ್ಲ, ಅದು ಯಾವ ಕಡೆಗಿದೆ ಎಂದು ನೋಡಿದರೆ ಕಣ್ಣು ಎಡವೋ ಬಲವೋ ಎಂದು ಈ ವೃತ್ತಿಯ ಮೊದಲ ವಾರದಲ್ಲೇ ಹೇಳಿಕೊಡುತ್ತಾರಂತೆ. ಒಂದು ಕಣ್ಣಿನ ಬದಲು ಇನ್ನೊಂದಕ್ಕೆ ಕತ್ತರಿ ಹಾಕುವುದಕ್ಕಿಂತ ದೊಡ್ಡ ಪಾಪ ಅವರ ಲೋಕದಲ್ಲಿಲ್ಲ. ಜೀವಮಾನವಿಡೀ ಕಣ್ಣು ನೋಡಿದ ಮನುಷ್ಯ ಆ ವಿಡಿಯೋದಲ್ಲಿ ತನ್ನ ಕೈಯನ್ನಷ್ಟೇ ನೋಡಿದ್ದರು, ಕಣ್ಣನ್ನೇ ನೋಡಿರಲಿಲ್ಲ.

“ಫೋನಲ್ಲೇ ನಿಜ ಹೇಳ್ಬಿಡಬೇಕಿತ್ತು” ಎಂದೆ.

“ಬಾಯಿ ಬರ್ಲಿಲ್ಲ ಕಣ್ರೀ. ನಿಮ್ಮ ಕಾರು ಸೋಮವಾರ ಖಾಲಿ ಇದ್ಯಾ?”

ರೋಗಿ ನಿವೃತ್ತ ಬಸ್ ಕಂಡಕ್ಟರು. ಮುಂದಿನ ಸೀಟಿನಲ್ಲಿ ಕೂತು, ನಾನು ಗೇರು ಹಾಕಿದಾಗಲೆಲ್ಲ “ರೈಟ್ ರೈಟ್” ಎನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಷಡ್ಡಕರು ಆ ಪದ ಕೇಳಿದಾಗಲೆಲ್ಲ ಮುಖ ಹಿಂಡುತ್ತಿದ್ದರು. ಯಾಕೆ ಹೋಗುತ್ತಿದ್ದೇವೆಂದು ಕಂಡಕ್ಟರಿಗೆ ಪೂರ್ತಿ ಹೇಳಿರಲಿಲ್ಲ. ‘ಕಣ್ಣು ತೋರಿಸಬೇಕು’ ಎಂದಷ್ಟೇ ಹೇಳಿದ್ದೆವು.

ಸಮಿತಿಯ ಕೋಣೆಯಲ್ಲಿ ಉದ್ದದ ಮೇಜು, ಪ್ರತಿಯೊಬ್ಬರ ಮುಂದೆ ಮುಚ್ಚಳ ತೆಗೆಯದ ನೀರಿನ ಬಾಟಲಿ, ಗೋಡೆಯ ಮೇಲೆ ನಿಂತುಹೋದ ನಮ್ಮ ವಿಡಿಯೋ. ಕಣ್ಣು ಗೋಡೆಯಷ್ಟು ದೊಡ್ಡದಾಗಿತ್ತು. ರೋಗಿಯ ಕಡೆಯವನೆಂದು ನನ್ನನ್ನೂ ಒಳಗೆ ಬಿಟ್ಟು ಮೂಲೆಯ ಕುರ್ಚಿ ತೋರಿಸಿದರು. ಅಧ್ಯಕ್ಷರು ಬೆಳ್ಳಗೆ, ತೆಳ್ಳಗೆ, ಮಾತಿನಲ್ಲಿ ಮೆತ್ತಗೆ. ಪಕ್ಕದಲ್ಲಿ ದಪ್ಪ ಕನ್ನಡಕದ ಸದಸ್ಯರು.

“ಯಾವ ಕಣ್ಣಿಗಪ್ಪ ಆಪರೇಷನ್ ಆಗಿದ್ದು?” ಎಂದರು ಅಧ್ಯಕ್ಷರು.

“ಬಲಗಣ್ಣಿಗೆ ಸ್ವಾಮಿ,” ಎಂದರು ಕಂಡಕ್ಟರು. “ಈಗ ನಿಮ್ಮ ಅಂಗಿ ಗುಂಡಿ ಒಂದು ಬಿಚ್ಚಿರೋದೂ ಕಾಣುತ್ತೆ.”

ಅಧ್ಯಕ್ಷರು ಗುಂಡಿ ಹಾಕಿಕೊಂಡರು. ದಪ್ಪ ಕನ್ನಡಕದವರು ದೀಪ ಹಿಡಿದು ಕಂಡಕ್ಟರ ಎರಡೂ ಕಣ್ಣು ಪರೀಕ್ಷಿಸಿ, “ಬಲಗಣ್ಣೇ. ಕೆಲಸ ಬಹಳ ಚೊಕ್ಕವಾಗಿದೆ” ಎಂದರು. ನಾನು ಉಸಿರು ಬಿಟ್ಟೆ. ನನ್ನ ಉಸಿರು ಯಾವಾಗಲೂ ಹೀಗೆ, ಹೊತ್ತಿಗೆ ಮುಂಚೆ ಬಿಡುವುದು.

“ಹಾಗಿದ್ರೆ,” ಎಂದು ಅಧ್ಯಕ್ಷರು ಗೋಡೆಯತ್ತ ತಿರುಗಿ ಇನ್ನೂ ಮೆತ್ತಗೆ ಕೇಳಿದರು, “ಈ ಎಡಗಣ್ಣು ಯಾರದ್ದು? ಆಪರೇಷನ್ ಮಾಡ್ತಿರೋ ಈ ಬಲಗೈ ಯಾರದ್ದು? ಬೇರೆಯವರ ವಿಡಿಯೋ ಕದ್ದಿದೀರಾ ಡಾಕ್ಟ್ರೇ?”

ತಪ್ಪು ಕಣ್ಣು ಕೊಯ್ದವರು ಹೋಗಿ ಕಳ್ಳರಾಗಲು ಷಡ್ಡಕರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಅವರು ಎದ್ದು ನಿಂತರು.

“ಕಣ್ಣು ಇವರದ್ದೇ ಸರ್. ಕೈ ನಂದೇ. ವಿಡಿಯೋ ತಿರುವಿ ಹಾಕಿದ್ದೆ. ನಾನು ಎಡಚ ಅಂತ ಕಾಣಬಾರದು ಅಂತ.”

“ಎಡಗೈ ಆದ್ರೇನ್ರೀ?” ಎಂದರು ಅಧ್ಯಕ್ಷರು, ನಿಜವಾಗಿಯೂ ಆಶ್ಚರ್ಯದಿಂದ. “ಎಡಗೈಯವರು ಫೆಲೋ ಆಗಬಾರದು ಅಂತ ನಮ್ಮ ನಿಯಮದಲ್ಲಿ ಎಲ್ಲಿದೆ?”

“ನಿಯಮದಲ್ಲಿಲ್ಲ ಸರ್, ನಿಮ್ಮ ಮೇಜಲ್ಲಿದೆ!” ಷಡ್ಡಕರ ದನಿ ಏರಿತು. ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. “ತಟ್ಟೆ ಬಲಕ್ಕೆ ಬಿಗೀತೀರಿ. ಕೊಳವೆ ಬಲದಿಂದ ಬಿಡ್ತೀರಿ. ಸರಿಸಿ ಅಂದ್ರೆ ಭೇದಭಾವ ಅಂತೀರಿ. ಆಮೇಲೆ ನನ್ನ ಕೈ ಅಸಹಜ ಅಂತ ಬರೀತೀರಿ. ಒಂದ್ಸಲ, ಎರಡ್ಸಲ. ಕೈ ಮರೆಸದೆ ಇನ್ನೇನು ಮಾಡ್ಲಿ?”

“ಅದು ಪರೀಕ್ಷಾ ವ್ಯವಸ್ಥೆ ಸಮಿತಿ ವಿಷಯ,” ಎಂದರು ಅಧ್ಯಕ್ಷರು. “ನಾವು ವಿಡಿಯೋ ಸಮಿತಿ. ನಮ್ಮ ಮುಂದಿರೋದು ಇಷ್ಟೇ: ವಿಡಿಯೋ ತಿದ್ದಬಾರದು ಅಂತ ನಿಯಮ ಇದೆ, ನೀವು ತಿದ್ದಿದೀರಿ. ಈ ವರ್ಷ ನಿಮ್ಮ ಅರ್ಜಿ ಪರಿಗಣಿಸೋಕಾಗಲ್ಲ.”

ಹೊರಗೆ ಕಾರಿಡಾರಿನಲ್ಲಿ ದಪ್ಪ ಕನ್ನಡಕದವರು ಹಿಂದೆಯೇ ಬಂದು ಷಡ್ಡಕರ ಭುಜ ಮುಟ್ಟಿದರು. “ಬೇಜಾರು ಮಾಡ್ಕೋಬೇಡಿ. ನಾನು ನಿಮಗೆ ಪೂರ್ತಿ ಅಂಕ ಹಾಕಿದ್ದೆ. ಕೈ ನೋಡ್ತಾ ನೋಡ್ತಾ ಕಣ್ಣು ಯಾವುದು ಅಂತ ಗಮನಿಸಲೇ ಇಲ್ಲ. ಕಾರ್ಯದರ್ಶಿ ಹೇಳಿದ ಮೇಲೆ ಗೊತ್ತಾಗಿದ್ದು.” ಸಮಾಧಾನಕ್ಕೆಂದು ಹೇಳಿದ ಆ ಮಾತು ಎಲ್ಲಕ್ಕಿಂತ ಹೆಚ್ಚು ಉರಿಸಿತು ಎಂದು ಷಡ್ಡಕರು ಈಗಲೂ ಹೇಳುತ್ತಾರೆ.

ವಾಪಸು ಬರುವಾಗ ಕಂಡಕ್ಟರು ಹಿಂದಿನ ಸೀಟಿನತ್ತ ತಿರುಗಿ ತಿರುಗಿ ನೋಡುತ್ತಿದ್ದರು. ಕೊನೆಗೆ ಅವರಿಗೆ ತಡೆಯಲಾಗಲಿಲ್ಲ. “ಒಂದು ಮಾತು ಕೇಳ್ತೀನಿ ಡಾಕ್ಟ್ರೇ, ತಪ್ಪು ತಿಳೀಬೇಡಿ. ಕೈಲಿ ಸರಿಯಾದ ಟಿಕೆಟ್ ಇಟ್ಕೊಂಡು ಕಿಟಕಿಯಿಂದ ಯಾಕೆ ಹತ್ತೋಕೆ ಹೋದ್ರಿ?”

“ಬಾಗಿಲು ಬಲಗಡೆಗೆ ಮಾತ್ರ ಇತ್ತು ಕಣಯ್ಯಾ” ಎಂದರು ಷಡ್ಡಕರು, ಕಿಟಕಿಯಾಚೆ ನೋಡುತ್ತ.

ವರ್ಷ ಮುಗಿಯಿತು, ಹಿರಿಯರು ನಿವೃತ್ತರಾದರು. ಮುಖ್ಯಸ್ಥರ ಕುರ್ಚಿಗೆ ಹೊರಗಿನಿಂದ ಒಬ್ಬ ಫೆಲೋ ಬಂದರು. ವಯಸ್ಸಿನಲ್ಲಿ ಚಿಕ್ಕವರು, ನಡತೆಯಲ್ಲಿ ಸಜ್ಜನರು. ಬಂದ ವಾರವೇ ಷಡ್ಡಕರನ್ನು ಕರೆದು, “ಸರ್, ಕಷ್ಟದ ಕೇಸುಗಳನ್ನೆಲ್ಲ ನೀವೇ ನೋಡ್ಕೊಂಡ್ರೆ ನನಗೆ ಧೈರ್ಯ” ಎಂದರಂತೆ. ಕೆಟ್ಟವರಾಗಿದ್ದರೆ ಮನೆಗೆ ಬಂದು ಬೈದುಕೊಳ್ಳಬಹುದಿತ್ತು. ಅದಕ್ಕೂ ಕಲ್ಲು ಬಿತ್ತು. ಷಡ್ಡಕರು ಬೈಯುವುದಕ್ಕೆ ಬೇರೆ ಯಾರೂ ಸಿಗದೆ, ನಾನು ಕಾರು ಓಡಿಸುವ ರೀತಿಯನ್ನು ಬೈಯತೊಡಗಿದರು.

ಸಂಘದ ಅರ್ಜಿಯ ಕಾಲ ಮತ್ತೆ ಬಂದಾಗ ಅವರು ಕಂಪ್ಯೂಟರ್ ಮುಂದೆ ಕೂತಿದ್ದನ್ನು ನೋಡಿ ಅತ್ತಿಗೆಗೆ ರೇಗಿತು. “ಕುರ್ಚಿ ಹೋಯ್ತು. ಇನ್ನು ಆ ಅಕ್ಷರ ತಗೊಂಡು ಏನು ಉಪ್ಪಿನಕಾಯಿ ಹಾಕ್ತೀರಾ?”

“ಈ ಸಲ ಫೇಲಾದ್ರೂ ನನ್ನ ಕೈಲೇ ಫೇಲಾಗ್ತೀನಿ ಬಿಡು” ಎಂದು, ಬೇರೊಬ್ಬ ರೋಗಿಯ ಹೊಸ ವಿಡಿಯೋವನ್ನು ಇದ್ದದ್ದು ಇದ್ದ ಹಾಗೆ, ಎಡಗೈ ಎಡಗೈಯಾಗಿಯೇ, ಕಳಿಸಿದರು.

ಮೊನ್ನೆ ನಾನು ಅವರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಸಂಘದ ಉತ್ತರ ಬಂತು. ಈ ವರ್ಷ ಹೊಸ ಸಮಿತಿಯಂತೆ, ಹಿಂದಿನ ಪ್ರಕರಣದಿಂದ ಪಾಠ ಕಲಿತು ಬಹಳ ಎಚ್ಚರದಿಂದಿದ್ದಾರಂತೆ. ಷಡ್ಡಕರು ಅದನ್ನು ಗಟ್ಟಿಯಾಗಿ ಓದಿದರು: ‘ವಿಡಿಯೋದಲ್ಲಿ ಶಸ್ತ್ರವೈದ್ಯರು ಎಡಗೈ ಬಳಸುತ್ತಿರುವಂತೆ ಕಾಣುತ್ತದೆ. ವಿಡಿಯೋವನ್ನು ತಿರುವಿರುವ ಅನುಮಾನವಿದೆ. ವಿವರಣೆ ನೀಡುವುದು.’ ಕಣ್ಣು ಅರ್ಜಿಯಲ್ಲಿದ್ದದ್ದೇ ಎಂದು ಈ ಸಲ ಯಾರೂ ನೋಡಿದಂತಿರಲಿಲ್ಲ.

ನಾನು ಕಾಫಿ ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟೆ. ನಗು ಬಂದಿತ್ತು, ಆದರೆ ಅತ್ತಿಗೆಯ ಮುಖ ನೋಡಿ ನುಂಗಿಕೊಂಡೆ.

ಷಡ್ಡಕರು ಫೋನೆತ್ತಿ ಕಾರ್ಯದರ್ಶಿಗೆ ಕರೆ ಮಾಡಿದರು.

“ಬರೆಯೋದೇನೂ ಇಲ್ಲ, ನಾನೇ ನಾಳೆ ಬೆಳಿಗ್ಗೆ ಬರ್ತೀನಿ. ಹ್ಞಾಂ? ಇಲ್ಲ, ರೋಗಿ ಬರಲ್ಲ. ಕೈ ಕರ್ಕೊಂಡು ಬರ್ತೀನಿ. ನಿಮ್ಮ ಹಾಲಲ್ಲೇ ಕೂತು, ನಿಮ್ಮೆಲ್ಲರ ಮುಂದೆ ಮಾಡಿ ತೋರಿಸ್ತೀನಿ. ಒಂದು ಕುರಿ ಕಣ್ಣು ತರಿಸಿಡಿ.” ಹಲ್ಲು ಕಚ್ಚಿ ಸೇರಿಸಿದರು: “ಒಂದು ಸ್ಕ್ರೂಡ್ರೈವರೂ ಇಟ್ಟಿರಿ. ಮೊದಲು ಆ ತಟ್ಟೆ ಕೀಳ್ತೀನಿ.”

ಫೋನ್ ಇಟ್ಟು ನನ್ನತ್ತ ತಿರುಗಿದರು.

“ಕಾರಿಗೆ ಪೆಟ್ರೋಲ್ ಇದೆಯೇನ್ರೀ?”