ನನ್ನಿವಾಳದ ಹೊಸ್ತಿಲು

ಬಾಗಿಲು, ಕಿಟಕಿಗಳ ಬಗ್ಗೆ ಇನ್ನೂ ಕಲಿಯುವುದೇನಿದೆ ಎಂದು ನನ್ನ ಗಂಡ ನಕ್ಕಿದ್ದರು. ಮನೆಗಳ ನಕ್ಷೆ ಬರೆಯುವ ನಮ್ಮಂಥ ಆರ್ಕಿಟೆಕ್ಟ್‌ಗಳು ಓದು ಮುಗಿಸಿ ಎಷ್ಟೇ ವರ್ಷವಾಗಿದ್ದರೂ ಆಗಾಗ ತರಬೇತಿಗೆ ಕೂರಬೇಕು. ಈ ಸಲದ್ದು ಆನ್‌ಲೈನ್ ತರಗತಿ. ಚಳ್ಳಕೆರೆಯ ನನ್ನ ಆಫೀಸಿನಲ್ಲಿ ಫ್ಯಾನ್ ಜೋರು ಮಾಡಿಕೊಂಡು, ಮಂಡಕ್ಕಿ ತಿನ್ನುತ್ತಾ ಕೂತೆ. ಬಿಸಿಲಿಗೆ ಯಾವ ಗಾಜು, ದೂಳಿಗೆ ಯಾವ ರಬ್ಬರ್ ಪಟ್ಟಿ ಎಂದೆಲ್ಲ ಆದಮೇಲೆ ಪಾಠ ಮಾಡುವ ಮೇಡಂ ಹೊಸ್ತಿಲಿಗೆ ಬಂದರು. ಗಾಲಿಕುರ್ಚಿಯವರನ್ನು ತಡೆಯುವುದು ಗೋಡೆಯಲ್ಲ, ಹೊಸ್ತಿಲು. ಅದನ್ನು ನೆಲಕ್ಕೆ ಸಮ ಮಾಡಿ ಎಂದರು. ನನಗೆ ಮಂಡಕ್ಕಿ ಮರೆತೇಹೋಯಿತು. ನನ್ನ ಮೇಜಿನ ಮೇಲೆ ಅಂಥದೇ ಒಂದು ಮನೆಯ ನಕ್ಷೆ ಅರ್ಧಕ್ಕೆ ನಿಂತಿತ್ತು.

ಆ ಮನೆ ಚಳ್ಳಕೆರೆ ಹತ್ತಿರದ ನನ್ನಿವಾಳ ಎಂಬ ಹಳ್ಳಿಯದು. ಅಪ್ಪ, ಅವ್ವ, ಮೂವತ್ತರ ಆಸುಪಾಸಿನ ಮಗಳು. ಅಪ್ಪನಿಗೆ ಹೊಲ ಮತ್ತು ಕುರಿ. ಮಗಳು ಚಿಕ್ಕಂದಿನಿಂದ ಗಾಲಿಕುರ್ಚಿಯಲ್ಲಿ. ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಹಳೇ ಮನೆಯ ಹೊಸ್ತಿಲು ಗೇಣೆತ್ತರ. ಅವಳು ಹೊರಗೆ ಹೋಗಬೇಕೆಂದರೆ ಅಪ್ಪ ಎತ್ತಿ ದಾಟಿಸಿ, ಕಟ್ಟೆ ಮೇಲೆ ಕೂರಿಸಿ, ಆಮೇಲೆ ಕುರ್ಚಿ ತರಬೇಕು.

"ಅಪ್ಪಗೆ ಸೊಂಟ ಹಿಡಿದ್ರೆ ನಂಗೂ ರಜ ಅಕ್ಕ," ಎಂದು ನನ್ನ ಮೊದಲ ಭೇಟಿಯಲ್ಲೇ ನಕ್ಕವಳು, ಆಮೇಲೆ ನಗದೆ ಹೇಳಿದಳು. "ಹೊಸ ಮನೇಲಿ ಇನ್ನೇನೂ ಬ್ಯಾಡ. ನಂಗೆ ಬೇಕಂದಾಗ ನಾನೇ ಮುಂಬಾಗಿಲಿಂದ ಹೊರಗೆ ಹೋಗ್ಬೇಕು."

ತರಗತಿಯ ಮಾರನೇ ದಿನವೇ ಹೋಗಿ, ಹೊಸ ಮನೆಯ ಹೊಸ್ತಿಲು ನೆಲಕ್ಕೆ ಸಮ ಮಾಡೋಣ ಎಂದೆ. ಅವ್ವ ಮೊರದಲ್ಲಿದ್ದ ಶೇಂಗಾ ಬಿಟ್ಟು ತಲೆಯೆತ್ತಿದರು.

"ಇಂಜಿನಿಯರಮ್ಮ, ದಿನಾ ಅರಿಶಿಣ ಹಚ್ಚಿ ಕೈ ಮುಗಿಯೋ ಹೊಸ್ತಿಲು ಅದು. ನಾವು ಕಾಲೇ ಸೋಕಿಸಲ್ಲ. ಅದರ ಮ್ಯಾಲೆ ಗಾಲಿ ಹತ್ತಿಸ್ಲಾ?"

"ಹಂಗಾದ್ರೆ ಹೊಸ್ತಿಲೇ ಬ್ಯಾಡ ಬಿಡಿ," ಎಂದೆ.

"ಹೊಸ್ತಿಲಿಲ್ಲದ್ದು ಮನೆಯೇನ್ರಿ? ಕುರಿ ದೊಡ್ಡಿ ಅದು."

ಅಪ್ಪನ ಚಿಂತೆ ಬೇರೆ. "ಚೇಳು ಸೀದಾ ಒಳಗ್ ಬರ್ತಾವೆ," ಎಂದರು. ಮಗಳು ಕುರ್ಚಿಯನ್ನು ಹೊಲಿಗೆ ಮಿಷನ್ ಕಡೆ ತಿರುಗಿಸಿಕೊಂಡಳು. ಅದನ್ನು ಕಂಡು ನನಗೆ ಸಂಕಟವಾಯಿತು.

ಚೇಳಿಗೆ ಉತ್ತರ ತರಗತಿಯಲ್ಲೇ ಇತ್ತು: ಬಾಗಿಲ ಬುಡಕ್ಕೆ ರಬ್ಬರ್ ಪಟ್ಟಿ. ಅವ್ವನ ಮಾತಿಗೆ ಅಲ್ಲಿ ಉತ್ತರವಿರಲಿಲ್ಲ. ನನಗೋ ತಲೆಗೆ ಹುಳ ಹೊಕ್ಕರೆ ಊಟ ಸೇರುವುದಿಲ್ಲ. ಹೊಸ್ತಿಲು ತುಳಿಯಬಾರದು ಯಾಕೆ ಎಂದು ಸಿಕ್ಕವರನ್ನೆಲ್ಲ ಕೇಳಿದೆ. ಅಲ್ಲಿ ಲಕ್ಷ್ಮಿ ಇರುತ್ತಾಳೆ ಎಂದರು ನಮ್ಮಮ್ಮ. ಮಕ್ಕಳು ಎಡವದಿರಲಿ ಅಂತ ಹಿರಿಯರು ಹೆದರಿಸಿದ್ದು ಎಂದರು ಹಾರ್ಡ್‌ವೇರ್ ಅಂಗಡಿಯವರು. ನಾಯಕನಹಟ್ಟಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಜ್ಜಿಯೊಬ್ಬರು, "ಕೇಳ್ಬಾರ್ದವ್ವ, ತುಳೀಬಾರ್ದು ಅಷ್ಟೇ," ಎಂದು ಬಾಯಿ ಮುಚ್ಚಿಸಿದರು. ಯಾರ ಉತ್ತರವೂ ಇನ್ನೊಬ್ಬರದಕ್ಕೆ ಕೂಡಲಿಲ್ಲ. ಅದೇ ನನಗೆ ಖುಷಿ ಕೊಟ್ಟಿತು. ಇಷ್ಟು ಜನ ಇಷ್ಟು ಥರ ಹೇಳುವಾಗ ಗಾಲಿಗೂ ಎಲ್ಲಾದರೂ ಜಾಗ ಸಿಕ್ಕೀತು ಅನಿಸಿತು.

ಒಂದು ಬೆಳಿಗ್ಗೆ ಬೇಗನೆ ನನ್ನಿವಾಳಕ್ಕೆ ಹೋಗಿ, ಅವ್ವ ಹೊಸ್ತಿಲ ಪೂಜೆ ಮಾಡುವುದನ್ನು ಸುಮ್ಮನೆ ನೋಡುತ್ತಾ ನಿಂತೆ. ತೊಳೆದರು, ಅರಿಶಿಣ ಬಳಿದರು, ಕುಂಕುಮ ಇಟ್ಟರು. ಹೂವನ್ನು ಮಾತ್ರ ಎರಡು ತುದಿಗೆ, ಬಾಗಿಲ ಕಂಬಗಳ ಬುಡಕ್ಕೆ ಇಟ್ಟರು.

"ಅವ್ವಾ, ನಡುವೆ ಯಾಕೆ ಹೂವಿಲ್ಲ?"

"ನಡುವೆ ಇಟ್ರೆ ಓಡಾಡೋರು ತುಳೀತಾರಲ್ಲ. ದೇವರು ಆ ಕಡೆ ಈ ಕಡೆ ಇರ್ತಾನೆ. ನಡುವೆ ದಾರಿ..."

ಹೇಳುತ್ತಾ ಹೇಳುತ್ತಾ ಅವರೇ ನಿಂತರು. ಅರಿಶಿಣದ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುವುದನ್ನೂ ಮರೆತು ಹೊಸ್ತಿಲನ್ನೇ ನೋಡಿದರು. ಆಮೇಲೆ ಒಳಗೆ ಮಗಳ ಕಡೆ ನೋಡಿದರು.

"ಎರಡೂ ಕಡೆ ಒಂದೊಂದು ಗೇಣು ಹೊಸ್ತಿಲ ಕಟ್ಟಿಗೆ ಇಟ್ರೆ ನಂಗೆ ಸಾಕು," ಎಂದರು. "ನಡುವೆ ನೆಲಕ್ಕೆ ಸಮ ಕಲ್ಲು ಹಾಕ್ಸಿ. ಕಲ್ಲಿಗೆ ನಾನು ಪೂಜೆ ಮಾಡಲ್ಲ."

ಬಡಗಿ ಗೊಣಗಿದ. ಕೆಳಗೆ ಅಡ್ಡ ಕಟ್ಟಿಗೆ ಇಲ್ಲದಿದ್ದರೆ ಚೌಕಟ್ಟಿಗೆ ಬಿಗಿಯೆಲ್ಲಿ ಎಂಬುದು ಅವನ ನ್ಯಾಯವಾದ ತಕರಾರು. ಕಲ್ಲಿನ ಅಡಿಗೆ ಕಬ್ಬಿಣದ ಪಟ್ಟಿ ಹೂತು ಎರಡು ಕಂಬಗಳನ್ನೂ ಕಟ್ಟಿದೆವು. ಬಾಗಿಲನ್ನೂ ಅಗಲ ಮಾಡಿ, ಅದರ ಬುಡಕ್ಕೆ ರಬ್ಬರ್ ಪಟ್ಟಿ ಹಾಕಿ, ಮುಂದೆ ರಸ್ತೆಯವರೆಗೆ ಇಳಿಜಾರು ಕಟ್ಟಿಸಿದೆವು.

ಗೃಹಪ್ರವೇಶದ ದಿನ ಊಟ ಮುಗಿದು ನೆಂಟರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಮಗಳ ಕುರ್ಚಿ ಬಾಗಿಲ ಕಡೆ ತಿರುಗಿದ್ದು ಕಂಡು ಅಪ್ಪ ಅಭ್ಯಾಸಬಲದಿಂದ ಎದ್ದು ಕೈ ಚಾಚಿದರು. "ಬ್ಯಾಡಪ್ಪ," ಎಂದಳು. ಕಲ್ಲಿನ ಮೇಲೆ ಗಾಲಿ ಉರುಳಿತು. ಇಳಿಜಾರಿನಲ್ಲಿ ಇಳಿದಳು, ರಸ್ತೆಗೆ ಹೋದಳು, ತಿರುವಿನಲ್ಲಿ ಮರೆಯಾದಳು.

ಸ್ವಲ್ಪ ಹೊತ್ತಿಗೆ ಬರುತ್ತಾಳೆಂದುಕೊಂಡೆವು. ಬರಲಿಲ್ಲ. ಅಪ್ಪ ಕಟ್ಟೆ ಮೇಲೆ ಕೂತರು, ಎದ್ದರು, ಮತ್ತೆ ಕೂತರು.

"ಹಿಂದೆ ಹೋಗಿ ನೋಡ್ಲಾ?"

"ಸುಮ್ನೆ ಕುಂತ್ಕೊಳ್ರಿ," ಎಂದರು ಅವ್ವ. ಅವರ ಕಣ್ಣೂ ರಸ್ತೆಯ ಮೇಲೇ ಇತ್ತು.

ಬಿಸಿಲು ಇಳಿದಮೇಲೆ ಬಂದಳು. ಹಣೆಯಲ್ಲಿ ಬೆವರು, ಗಾಲಿಗೆ ಕೆಮ್ಮಣ್ಣು. ಎಲ್ಲಿಗೆ ಹೋಗಿದ್ದೆ ಎಂದು ಅಪ್ಪ ಕೇಳಿದರು. ಅವ್ವ ಕೇಳಿದರು. ತಡೆಯಲಾರದೆ ನಾನೂ ಪಕ್ಕಕ್ಕೆ ಕರೆದು ಕೇಳಿದೆ.

"ಹೇಳಂಗಿಲ್ಲ ಅಕ್ಕ," ಎಂದು ಒಂದು ಚೊಂಬು ನೀರು ಗಟಗಟ ಕುಡಿದಳು.

ಅವಳು ಹೋಗಿದ್ದ ಜಾಗ ಯಾವುದೆಂದು ಅಪ್ಪನಿಗೆ ಗೊತ್ತಾಗದೇ ಹೋದದ್ದು ಅವಳ ಬದುಕಿನಲ್ಲಿ ಅದೇ ಮೊದಲು.