ಖಾಲಿ ಜಾಗದ ಇಮಾಮಸಾಬರು

ನನ್ನ ನೆನಪಿನಲ್ಲಿ ಇಮಾಮಸಾಬರಿಗೆ ಹುಬ್ಬುಗಳಿಲ್ಲ. ವರ್ಷಗಟ್ಟಲೆ ಬೆಂಕಿಯ ಮುಂದೆ ಬಗ್ಗಿ ಅವು ಸುಟ್ಟುಹೋಗಿದ್ದವು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನನ್ನ ತಂಗಿ ಒಪ್ಪುವುದಿಲ್ಲ. ಹುಬ್ಬು ಇದ್ದವು, ಬೆಳ್ಳಗಾಗಿದ್ದವು, ದೂರದಿಂದ ಕಾಣುತ್ತಿರಲಿಲ್ಲ ಅಷ್ಟೆ ಅನ್ನುತ್ತಾಳೆ. ಇಷ್ಟು ಸಣ್ಣ ವಿಷಯದಲ್ಲೇ ನನ್ನ ನೆನಪು ಹೀಗಿದ್ದರೆ, ಆ ಮಧ್ಯಾಹ್ನ ಕಚೇರಿಯಲ್ಲಿ ಯಾರು ಏನೆಂದರು ಎಂಬುದನ್ನು ಎಷ್ಟು ನಂಬಬೇಕೋ ತಿಳಿಯದು. ನಂಬಿಕೆ ಇರುವಷ್ಟನ್ನು ಬರೆಯುತ್ತೇನೆ.

ನಮ್ಮದು ಕೊಟ್ಟೂರಿಗೂ ಹರಪನಹಳ್ಳಿಗೂ ನಡುವಿನ ಒಂದು ಸಣ್ಣ ಪೇಟೆ. ಇಮಾಮಸಾಬರು ಎತ್ತಿನ ಚಕ್ಕಡಿಯ ಗಾಲಿಗಳಿಗೆ ಕಬ್ಬಿಣದ ಹಳಿ, ಅಂದರೆ ಸುತ್ತುಪಟ್ಟಿ, ಏರಿಸುತ್ತಿದ್ದರು. ಹಳಿ ಗಾಲಿಗಿಂತ ಕೂದಲೆಳೆಯಷ್ಟು ಚಿಕ್ಕದಿರಬೇಕು. ಅದನ್ನು ನೆಲದ ಮೇಲಿಟ್ಟು, ಸುತ್ತ ಸಗಣಿಯ ಕುಳ್ಳು ಒಟ್ಟಿ ಬೆಂಕಿ ಹಚ್ಚಿದರೆ ಕೆಂಪಗಾಗಿ ಹಿಗ್ಗುತ್ತದೆ. ಆಗ ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ ನೀರು ಸುರಿಯುತ್ತಾರೆ. ಹಳಿ ಕುಗ್ಗಿ ಕಟ್ಟಿಗೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಈ ಕೆಲಸಕ್ಕೆ ಗುಡಿಸಲು, ಬಣವೆ ಯಾವುದೂ ಹತ್ತಿರ ಇಲ್ಲದ ಬಯಲು ಬೇಕು. ಬಸ್‌ಸ್ಟ್ಯಾಂಡಿನ ಹಿಂದೆ ಅಂಥ ಸರ್ಕಾರಿ ಬಯಲು ಒಂದೇ ಇತ್ತು. ಅವರ ಅಪ್ಪನೂ ಅಲ್ಲೇ ಬೆಂಕಿ ಹಾಕಿದವರು. ಕೂಡ್ಲಿಗಿ ಕಡೆಯಿಂದ, ಕೋಗಳಿಯಿಂದ ಗಾಲಿಗಳು ಬರುತ್ತಿದ್ದವು.

ಅವಸರ ಮಾಡುವ ರೈತರನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ. 'ಲಗೂನ ಮಾಡ್ರಿ ಸಾಬ್ರ, ಹೊತ್ತಾತು' ಎಂದವನಿಗೆ, 'ನಿನ್ನ ಎತ್ತಿಗಿಂತ ನೀನ ಜೋರದಿ. ಹೆಗಲು ಕೊಡು, ಗಾಲಿ ಇಲ್ಲದ ಬಂಡಿ ಒಯ್ಯಿ' ಎನ್ನುತ್ತಿದ್ದರು. ಬೆಂಕಿ ಆರಿದ ಮೇಲೆ ಓಣಿಯ ಹೆಂಗಸರು ಪಾತ್ರೆ ತಿಕ್ಕಲು ಬೂದಿ ತುಂಬಿಕೊಂಡು ಹೋಗುತ್ತಿದ್ದರು. ಅವರೊಂದಿಗೂ ತಕರಾರು: 'ಬೂದಿ ಒಯ್ಯಾಕ ಬರ್ತೀರಿ, ಕುಳ್ಳು ತರಾಕ ಒಬ್ಬಾಕಿನೂ ಬರೂದಿಲ್ಲ.' ಸಂಜೆಯ ಹೊತ್ತಿಗೆ ಬಯಲು ಗುಡಿಸಿದಂತಿರುತ್ತಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಪೇಟೆಗೆ ಒಂದು ಯೋಜನೆ ಬಂತು. ಯಾವ ಜಾಗ ಅಂಗಡಿಗೆ, ಯಾವುದು ಮನೆಗೆ, ಯಾವುದು ಕಾರ್ಖಾನೆಗೆ ಎಂದು ಬಣ್ಣ ಹಚ್ಚಿದ ನಕ್ಷೆಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿದರು. ಬಯಲಿಗೆ ಹಳದಿ ಬಣ್ಣ. ಅಂದರೆ ಮನೆಗಳ ನಿವೇಶನ. ಮೇಲೆ 'ಖಾಲಿ ಜಾಗ' ಎಂದು ಬರೆದಿತ್ತು. ತಕರಾರು ಇದ್ದವರು ಬರೆದು ಕೊಡಬೇಕು, ಆಮೇಲೆ ಜಿಲ್ಲೆಯ ಅಧಿಕಾರಿ ಬಂದು ವಿಚಾರಣೆ ನಡೆಸುತ್ತಾರೆ ಎಂದು ಪ್ರಕಟಣೆ.

ನಾನು ಆಗಷ್ಟೇ ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದು ಊರಿನಲ್ಲಿ ಕೆಲಸವಿಲ್ಲದೆ ತಿರುಗುತ್ತಿದ್ದೆ. ಇಮಾಮಸಾಬರು ಅರ್ಜಿ ಬರೆಸಲು ನನ್ನನ್ನು ಕರೆದರು.

'ಬರಿ ತಮ್ಮಾ. ಅಳತಿ ಮಾಡಾಕ ಬಂದವ ಅಮಾಸಿ ದಿನ ಬಂದಿದ್ದ ಅಂತ ಬರಿ. ಅಮಾಸಿ ದಿನ ಯಾರೂ ಎತ್ತು ಹೂಡೂದಿಲ್ಲ. ಎತ್ತು ಹೂಡದಿದ್ರ ಗಾಲಿ ಬರೂದಿಲ್ಲ. ಗಾಲಿ ಬರದಿದ್ರ ನಾ ಬೆಂಕಿ ಹಾಕೂದಿಲ್ಲ. ಅವಗ ಖಾಲಿ ಕಂಡೈತಿ.'

'ಅದನ್ನ ಬರದ್ರ ನಗ್ತಾರ ಕಾಕಾ. ಕಾಯ್ದೆಗೆ ಅಮಾಸಿ ಹುಣ್ಣಿಮಿ ಇಲ್ಲ.'

'ಕಾಯ್ದೆಗಿಲ್ಲ, ಎತ್ತಿಗೈತಲ್ಲೋ.'

'ಅವತ್ತು ಅಮಾಸಿನ ಅಂತ ನಿಮಗ ಹೆಂಗ ಗೊತ್ತು? ಆಗ್ಲೇ ವರ್ಷದ ಮ್ಯಾಲಾತು.'

'ಅವತ್ತ ನಾ ಮನಿಯಾಗ ಇದ್ದೆ. ಅಮಾಸಿ ಅಲ್ಲದಿದ್ರ ಮನಿಯಾಗ ಯಾಕ ಕುಂದರ್ತಿದ್ದೆ?'

ಇದು ಸಾಕ್ಷಿಯಲ್ಲ, ಬಾಲದಿಂದ ತಲೆಯನ್ನು ಸಾಧಿಸುವ ವಾದ ಎಂದು ನನಗೆ ಅನ್ನಿಸಿತು. ನಾನು ಬಿಟ್ಟುಬಿಟ್ಟೆ. ಅದರ ಬದಲು ದೀರ್ಘಕಾಲದ ರೂಢಿ, ಸಹಜ ನ್ಯಾಯ, ಗ್ರಾಮೀಣ ಕೈಕಸುಬುಗಳ ಉಳಿವು ಎಂದು ಮೂರು ಪುಟ ತುಂಬಿಸಿದೆ. ಓದಿ ಹೇಳಿದಾಗ ಅವರು, 'ಭಾಳ ಚಲೋ ಐತಿ, ನಂದ ಅಂತ ಅನಿಸವಲ್ದು' ಎಂದು ಹೆಬ್ಬೆಟ್ಟು ಒತ್ತಿದರು.

ವಿಚಾರಣೆಯ ದಿನ ಕಚೇರಿ ತುಂಬಿತ್ತು. ಅಧಿಕಾರಿ ಮೂರು ಪುಟವನ್ನು ಮೂರು ನಿಮಿಷದಲ್ಲಿ ಮಗುಚಿ ಕೇಳಿದರು: 'ಜಾಗ ಖಾಲಿ ಇತ್ತು ಅಂತ ವರದಿ ಇದೆ. ಇದಕ್ಕೇನು ಹೇಳ್ತೀರಿ?'

ಇಮಾಮಸಾಬರು ಎದ್ದು ನಿಂತು ಎತ್ತು, ಗಾಲಿ, ಬೆಂಕಿ ಎಲ್ಲವನ್ನೂ ಅದೇ ಸಾಲಿನಲ್ಲಿ ಹೇಳಿದರು. ಹಿಂದಿದ್ದವರು ನಕ್ಕರು. ಅಧಿಕಾರಿ ನಗಲಿಲ್ಲ. ಪೆನ್ನು ಕೆಳಗಿಟ್ಟರು ಎಂದು ನನ್ನ ನೆನಪು. ಇದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

'ಇದು ಅರ್ಜಿಯಲ್ಲಿ ಇಲ್ಲವಲ್ಲ. ಬರೆದವರು ಯಾರು?'

ನಾನು ಎದ್ದೆ.

'ಅವತ್ತು ಅಮಾವಾಸ್ಯೆ ಇತ್ತಾ?'

ಸುಳ್ಳು ಹೇಳಬಾರದು, ಗೊತ್ತಿಲ್ಲದ್ದನ್ನು ಗೊತ್ತು ಅನ್ನಬಾರದು ಎಂಬುದೇ ನಾನು ವಿಶ್ವವಿದ್ಯಾಲಯದಿಂದ ತಂದ ದೊಡ್ಡ ಆಸ್ತಿಯಾಗಿತ್ತು. 'ನನಗೆ ಖಚಿತವಾಗಿ ಗೊತ್ತಿಲ್ಲ ಸಾರ್' ಎಂದೆ.

ಅಧಿಕಾರಿ ಅರ್ಜಿಯ ಅಂಚಿನಲ್ಲಿ ಏನೋ ಬರೆದು ಮುಂದಿನವರನ್ನು ಕರೆದರು.

ಹೊರಗೆ ಬಂದ ಮೇಲೆ ಇಮಾಮಸಾಬರು ಬೈಯಲಿಲ್ಲ. 'ಗೊತ್ತಿಲ್ಲ ಅಂದಿ. ನಿನಗ ಗೊತ್ತಿರಲಿಲ್ಲ, ಖರೇ ಐತಿ. ನಡಿ, ಚಾ ಕುಡ್ಯೂಣು' ಎಂದರು. ಹೀಗೇ ಅಂದರೋ, ಸಮಾಧಾನಕ್ಕೆ ನಾನೇ ಅವರ ಬಾಯಿಗೆ ಈ ಮಾತು ಹಾಕಿದೆನೋ. ಚಹಾ ಕುಡಿದದ್ದಂತೂ ನಿಜ.

ಬಯಲು ಹಳದಿಯಾಗಿಯೇ ಉಳಿಯಿತು. ಕಲ್ಲು ನೆಟ್ಟರು, ಪಾಯ ತೋಡಿದರು. ಇಮಾಮಸಾಬರು ಕೆರೆಯ ಆಚೆ ಬೆಂಕಿ ಹಾಕಿ ನೋಡಿದರು. ನಡುವೆ ಒಂದು ಹಳ್ಳ. ಹಳಿ ಕಳಚಿದ ಗಾಲಿಯನ್ನು ಅಷ್ಟು ದೂರ ಯಾರು ಉರುಳಿಸಿಕೊಂಡು ಹೋದಾರು? ಎರಡು ವರ್ಷದಲ್ಲಿ ಕೆಲಸ ನಿಂತಿತು. ಮಗ ಹರಪನಹಳ್ಳಿಯಲ್ಲಿ ಟ್ರ್ಯಾಕ್ಟರ್ ಟ್ರಾಲಿಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ. ಅವರೂ ಅಲ್ಲಿಗೇ ಹೋದರು. ಹೇಗಿದ್ದರೂ ಟೈರಿನ ಗಾಡಿಗಳು ಬರುತ್ತಿದ್ದವು, ಬಯಲು ಉಳಿದಿದ್ದರೂ ಕಸುಬು ಉಳಿಯುತ್ತಿರಲಿಲ್ಲ ಎಂದು ನಾನು ಹಲವು ಸಲ ಲೆಕ್ಕ ಹಾಕಿದ್ದೇನೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ದಿನ ಅಧಿಕಾರಿ ಕೇಳಿದ್ದು ಅದನ್ನಲ್ಲ.

ಕೊನೆಯ ಸಲ ಕಂಡದ್ದು ಎಂಬತ್ತರ ದಶಕದ ನಡುವೆ, ಮಗನ ಶೆಡ್ಡಿನ ಮುಂದೆ. ಆ ಹೊತ್ತಿಗೆ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಕಣ್ಣಿಗೆ ಕೈ ಅಡ್ಡ ಹಿಡಿದು ಗುರುತು ಹಚ್ಚಿ, ಮಗನನ್ನು ಕೂಗಿದರು: 'ಲೇ, ಕುರ್ಚಿ ತಗಂಬಾರಲೇ, ದೊಡ್ಡ ಮಾಸ್ತರು ಬಂದಾರ.' ಆಮೇಲೆ ನನ್ನತ್ತ ತಿರುಗಿ, 'ಏನಪಾ, ಈಗರ ಏನಾರ ಗೊತ್ತಾತೇನು?' ಎಂದು ನಕ್ಕರು. ನಾನೂ ನಕ್ಕೆ. ಮರುವರ್ಷ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಿಳಿಯಿತು.

ಆಮೇಲೊಂದು ದಿನ ಕಚೇರಿಗೆ ಅರ್ಜಿ ಹಾಕಿ ಆ ನಕ್ಷೆಯ ಪ್ರತಿ ತೆಗೆಸಿದೆ. ಕೆಳಗಿನ ಮೂಲೆಯಲ್ಲಿ, ಅಳತೆ ಮಾಡಿದವನ ಸಹಿಯ ಪಕ್ಕ, ಅಳತೆಯ ತಾರೀಖು ಇತ್ತು. ಆ ವರ್ಷದ ಪಂಚಾಂಗ ನಮ್ಮ ಓಣಿಯ ಪುರೋಹಿತರ ಮನೆಯ ಅಟ್ಟದಲ್ಲಿ ಸಿಕ್ಕಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಆ ದಿನ ಅಮಾವಾಸ್ಯೆ.